ಹರಳುಕಲ್ಲಿನ ಕೆಳಗೆ ಮಣ್ಣಿನ ಕಂಬ ಬಂದ ಕಥೆ

ಮೊದಲೇ ಒಂದು ಮಾತು ಹೇಳಿಬಿಡಬೇಕು. ಕಥೆ ಬರೆಯುತ್ತಿರುವುದು ಇದೇ ಮೊದಲು. ಎಲ್ಲಾದರೂ ತಡವರಿಸಿದರೆ, ಹೇಳಿದ್ದನ್ನೇ ಎರಡು ಸಲ ಹೇಳಿದರೆ, ಮಕ್ಕಳು ಹೊಟ್ಟೆಗೆ ಹಾಕಿಕೊಳ್ಳಬೇಕು. ಕಥೆ ಮಾತ್ರ ಬಹಳ ಚೆನ್ನಾಗಿದೆ. ಹೇಳುವವರ ಕೈಯಲ್ಲಿ ಕೆಡದಿದ್ದರೆ ಸಾಕು.

ಆಗ ಲೋಕ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದು ಅಂದರೆ, ಆವಿಗೆಯಿಂದ ಈಗಷ್ಟೇ ತೆಗೆದ ಗಡಿಗೆಯ ಹಾಗೆ, ಮುಟ್ಟಿದರೆ ಬೆಚ್ಚಗಿತ್ತು. ಯಾವ ಕಡೆಯಿಂದ ಬೀಸಬೇಕು ಅಂತ ಗಾಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಕಲ್ಲಿಗೆ ಮಾತು ಬರುತ್ತಿತ್ತು. ಮಣ್ಣಿಗೆ ಮಾತು ಬರುತ್ತಿತ್ತು. ಮಳೆಗಂತೂ ಬರೀ ಮಾತೇ.

ಆ ಹೊಸ ಲೋಕದಲ್ಲಿ ಒಂದು ಗುಡ್ಡ. ಎಲ್ಲರೂ ಅದನ್ನು ಗುಡ್ಡಜ್ಜ ಅನ್ನುತ್ತಿದ್ದರು. ಗುಡ್ಡಜ್ಜನ ಮೈ ಪೂರಾ ಕಲ್ಲು. ಕಲ್ಲಿಗೆ ಚಳಿ ಜಾಸ್ತಿ. ಅದಕ್ಕೆ ಅವನು ಮಣ್ಣಿನ ಕಂಬಳಿ ಹೊದ್ದು ಮಲಗಿದ್ದ. ಇಬ್ಬರು ಆಳು ಒಬ್ಬರ ಮೇಲೊಬ್ಬರು ನಿಂತಷ್ಟು ದಪ್ಪದ ಕಂಬಳಿ!

ಗುಡ್ಡಜ್ಜನ ಇಳಿಜಾರಿನಲ್ಲಿ ಅಕ್ಕ, ತಮ್ಮ ಇಬ್ಬರು ಬಾಳುತ್ತಿದ್ದರು. ಅಕ್ಕನ ಹೆಸರು ಕೆಂಚವ್ವ. ಇಳಿಜಾರಿನ ಕೆಳಗಿನ ಅರ್ಧದಲ್ಲಿ ಅವಳ ನವಣೆ ಹೊಲ. ತಮ್ಮನ ಹೆಸರು ಬೀರ. ಮೇಲಿನ ಅರ್ಧದಲ್ಲಿ ಅವನು ಕುರಿ ಮೇಯಿಸುತ್ತಿದ್ದ. ಬೇರೆ ಯಾರೂ ಇರಲಿಲ್ಲ. ಜಗಳ ಆಡಬೇಕೆಂದರೆ ಅವರಿಬ್ಬರೇ ಆಡಿಕೊಳ್ಳಬೇಕು.

ಕೆಂಚವ್ವನಿಗೆ ತನ್ನ ಸಾಲುಗಳ ಮೇಲೆ ಬಲು ಹೆಮ್ಮೆ. ಎತ್ತು ಹೂಡಿಕೊಂಡು ಹೊಲದ ಮೇಲಿನ ತುದಿಯಲ್ಲಿ ನಿಂತರೆ, ಸೀದಾ ಕೆಳಗಿನ ತುದಿಯವರೆಗೆ ಒಂದೇ ಗೆರೆ. ಬೈತಲೆ ತೆಗೆದ ಹಾಗೆ. ಒಂದು ಮೂಲೆಯಲ್ಲಿ ಮಾತ್ರ ಆರು ಸೊಟ್ಟ ಸಾಲು ಇದ್ದವು. ಅಲ್ಲಿ ಒಂದು ಮುತ್ತುಗದ ಮರ. ಅದರ ನೆರಳು ಕಂಡರೆ ಸಾಕು, ಎಡಗಡೆಯ ಎತ್ತು ಅಡ್ಡಡ್ಡ ಎಳೆಯುತ್ತಿತ್ತು. ಅಡ್ಡಡ್ಡ ಅಂದರೆ ಇಳಿಜಾರಿಗೆ ಅಡ್ಡ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

"ಅಕ್ಕಾ, ಆ ಮೂಲೆ ಉತ್ತಿದ್ದು ನೀನೋ, ಹಾವೋ?" ಅಂತ ಬೀರ ಛೇಡಿಸುತ್ತಿದ್ದ.

"ನಿನ್ನ ಕುರಿ ನೋಡ್ಕೊ ಹೋಗೋ!" ಅಂತ ಕೆಂಚವ್ವ ನಾಚಿಕೊಂಡೇ ಬೈಯುತ್ತಿದ್ದಳು.

ಬೀರನಿಗೂ ಹೆಮ್ಮೆ ಕಡಿಮೆಯಿರಲಿಲ್ಲ. ಅವನ ಕುರಿಗಳು ನೀರು ಕುಡಿಯಲು ದಿನಾ ಒಂದೇ ಹಾದಿಯಲ್ಲಿ, ಒಂದರ ಹಿಂದೆ ಒಂದು, ಮೇಲಿನಿಂದ ಸೀದಾ ಹಳ್ಳಕ್ಕೆ ಇಳಿಯುತ್ತಿದ್ದವು. "ನೋಡು, ಎಷ್ಟು ಶಿಸ್ತು!" ಅನ್ನುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಇಡೀ ಇಳಿಜಾರು ಗಡಗಡ ನಡುಗಿತು. ಬೀರನ ಟಗರು ಹೆದರಿ ಕೆಂಚವ್ವನ ಗುಡಿಸಿಲಿಗೇ ನುಗ್ಗಿತು.

"ಯಾರದು, ನನ್ನ ಕಂಬಳಿ ಎಳೀತಿರೋದು?" ಗುಡ್ಡಜ್ಜ ಗುಡುಗಿದ. "ಮೊಣಕಾಲೆಲ್ಲ ಚಳಿಗೆ ಸೆಟೆದುಕೊಂಡಿದೆ. ನಿಮ್ಮಿಬ್ಬರಲ್ಲಿ ಒಬ್ಬರು ಕಳ್ಳರು! ಈಗ ಬರೋ ಮಳೆ ನಿಂತ ದಿನ ನನಗೆ ಉತ್ತರ ಬೇಕು. ಕದ್ದವರು ನನ್ನ ಮೈ ಇಳಿದು ಹೋಗಬೇಕು. ಮತ್ತೆ ಹತ್ತಬಾರದು!"

ಕೆಂಚವ್ವ ಲೆಕ್ಕ ಹಾಕಿದಳು. ಕಳ್ಳಿ ತಾನೇ ಆದರೆ ಹೊಲ ಹೋಗುತ್ತದೆ. ಕಳ್ಳ ಬೀರನಾದರೆ ಇರುವ ಒಬ್ಬ ತಮ್ಮ ಹೋಗುತ್ತಾನೆ. ಯಾವ ಕಡೆ ತಿರುಗಿದರೂ ಪೆಟ್ಟೇ.

ಆದರೂ ಬಾಯಿ ಸುಮ್ಮನಿರಬೇಕಲ್ಲ!

"ನಿನ್ನ ಕುರಿಗಳ ಗೊರಸಿನದೇ ಕೆಲಸ ಇದು," ಅಂದಳು.

"ನಿನ್ನ ನೇಗಿಲು ಏನು ನೆಲಕ್ಕೆ ಮುತ್ತು ಕೊಡುತ್ತಾ?" ಅಂದ ಬೀರ.

"ನನ್ನ ಹೊಲದ ಮಣ್ಣು ಒಂದು ಚೂರೂ ಹೋಗಿಲ್ಲ. ಮೊದಲನೇ ವರ್ಷ ನೇಗಿಲು ನಾಲ್ಕು ಬೆರಳು ಆಳಕ್ಕೆ ಇಳೀತಿತ್ತು. ಈಗಲೂ ನಾಲ್ಕು ಬೆರಳು ಇಳಿಯುತ್ತೆ. ಮಣ್ಣು ಅಷ್ಟೇ ಇದೆ ಅಂತ ಲೆಕ್ಕ!"

"ನನ್ನ ಹುಲ್ಲೂ ಹಾಗೇ. ಕುರಿ ಎಷ್ಟು ಎತ್ತರದಲ್ಲಿ ಕಚ್ಚುತ್ತಿತ್ತೋ ಅಷ್ಟೇ ಎತ್ತರದಲ್ಲಿ ಕಚ್ಚುತ್ತೆ!"

ಇಬ್ಬರೂ ಸುಳ್ಳು ಹೇಳಲಿಲ್ಲ. ಅಳೆದದ್ದು ತಪ್ಪಿತ್ತು, ಅಷ್ಟೆ. ಎಲ್ಲಿ ತಪ್ಪಿತು ಅಂತ ಈಗಲೇ ಹೇಳಿಬಿಡುವ ಆಸೆ. ಬೇಡ, ಕೆಂಚವ್ವನಿಗೆ ತಿಳಿದಾಗ ನಿಮಗೂ ತಿಳಿಯಲಿ.

ಸಿಟ್ಟು ಬಂದರೆ ಕೆಂಚವ್ವನಿಗೆ ಕೈ ಸುಮ್ಮನಿರುತ್ತಿರಲಿಲ್ಲ. ಹೊಲಕ್ಕೆ ಹೋಗಿ ಕಲ್ಲು ಆಯತೊಡಗಿದಳು. ಅವಳ ಹೊಲದಲ್ಲಿ ಕಲ್ಲಿಗೆ ಕೊನೆಯೇ ಇರಲಿಲ್ಲ. ಈ ವರ್ಷ ಆಯ್ದು ಗುಡ್ಡೆ ಹಾಕಿದರೆ ಬರುವ ವರ್ಷ ಮತ್ತೆ ಅಷ್ಟೇ ಕಲ್ಲು. "ನೆಲ ಅಂದರೆ ಬೆಳೆ ಕೊಡಬೇಕು, ನನ್ನ ನೆಲ ಕಲ್ಲು ಹೆರುತ್ತದೆ," ಅಂತ ಗೊಣಗುತ್ತ ಒಂದು ಬಿಳಿ ಬೆಣಚುಕಲ್ಲಿಗೆ ಕೈ ಹಾಕಿದಳು. ನಿಂಬೆಹಣ್ಣಿನಷ್ಟು ದಪ್ಪದ ಕಲ್ಲು.

"ಮುಟ್ಟಬೇಡ!" ಅಂತ ಕಲ್ಲು ಕೂಗಿತು.

ಕೆಂಚವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

"ಯಾರನ್ನು ಹೆತ್ತಿದ್ದು ಅಂತೀಯ?" ಬೆಣಚುಕಲ್ಲಿಗೆ ಸಿಟ್ಟು ಬಂದಿತ್ತು. "ನಾನು ಗುಡ್ಡಜ್ಜನ ಜೊತೆಗೇ ಹುಟ್ಟಿದವಳು. ಹುಟ್ಟಿದ ಜಾಗ ಬಿಟ್ಟು ಒಂದು ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಆಗ ನನ್ನ ತಲೆಯ ಮೇಲೆ ಇಬ್ಬರು ಆಳಿನಷ್ಟು ಮಣ್ಣಿತ್ತು. ಈಗ ತಲೆಗೆ ಬಿಸಿಲು ಹೊಡೀತಿದೆ. ನಾನು ಮೇಲೆ ಬಂದಿಲ್ಲ ತಾಯಿ. ನೀನು ಕೆಳಗೆ ಹೋಗಿದ್ದೀಯ!"

ಕೆಂಚವ್ವ ಹಾಗೇ ಮಣ್ಣಿನಲ್ಲಿ ಕುಕ್ಕರಿಸಿದಳು.

ಅವಳಿಗೆ ಎಲ್ಲ ಒಂದೇ ಸಲಕ್ಕೆ ಹೊಳೆಯಿತು. ನೇಗಿಲು ನಾಲ್ಕು ಬೆರಳು ಇಳಿಯುತ್ತದೆ, ನಿಜ. ಆದರೆ ಎಲ್ಲಿಂದ? ನೆಲದ ಮೇಲಿನಿಂದ. ಆ ನೆಲದ ಮೇಲ್ಮೈಯೇ ವರ್ಷವರ್ಷ ಕೆಳಗೆ ಹೋಗುತ್ತಿದ್ದರೆ? ಗಡಿಗೆಯ ನೀರು ದಿನಾ ಕಡಿಮೆಯಾಗುತ್ತಿದ್ದರೂ, ಬೆರಳು ಅದ್ದಿ "ಬೆರಳು ಒದ್ದೆಯಾಯಿತು, ನೀರು ಅಷ್ಟೇ ಇದೆ" ಅಂದ ಹಾಗಾಯಿತು! ಅಳೆಯಬೇಕಾದರೆ ಅಲ್ಲಾಡದ ಒಂದು ಗುರುತು ಬೇಕು. ಅಂಥ ಗುರುತುಗಳನ್ನೇ ಅವಳು ವರ್ಷವರ್ಷ ಆಯ್ದು ಎಸೆಯುತ್ತಿದ್ದಳು.

"ಅವ್ವಾ ಬೆಣಚವ್ವಾ," ಅಂತ ಕೈ ಮುಗಿದಳು. "ಒಂದು ಮಳೆಗೆ ಎಷ್ಟು ಮಣ್ಣು ಹೋಗುತ್ತೆ ಅಂತ ನನಗೆ ತಿಳೀಬೇಕು. ಮಳೆ ಬಂದಾಗ ನೀನು ಇಲ್ಲೇ ಕೂತಿರ್ತೀಯಾ?"

ಇಲ್ಲಿ ಒಂದು ವಿಷಯ ಹೇಳಬೇಕು. ಆ ಕಾಲದಲ್ಲಿ ಬಿಸಿಲಿಗೆ ಬಂದ ಹರಳುಕಲ್ಲುಗಳಿಗೆಲ್ಲ ಮಳೆಯೆಂದರೆ ಹಬ್ಬ. ಮಳೆ ಬಂದ ಕೂಡಲೇ ಎದ್ದು ನೀರಿನ ಜೊತೆ ಉರುಳಿಕೊಂಡು ಹಳ್ಳಕ್ಕೆ ಓಡುತ್ತಿದ್ದವು. ಯಾವ ಹರಳೂ ಮಳೆಯಲ್ಲಿ ಕೂತಲ್ಲೇ ಕೂತದ್ದಿಲ್ಲ.

ಬೆಣಚುಕಲ್ಲಿಗೂ ಓಡುವ ಆಸೆಯಿತ್ತು. ಅಷ್ಟರಲ್ಲಿ ಅದರ ಕೆಳಗಿನಿಂದ ಒಂದು ಸಣ್ಣ ದನಿ ಬಂತು. "ಅಕ್ಕಾ, ನೀನು ಎದ್ದು ಹೋದರೆ ನನ್ನನ್ನೂ ಮಳೆ ಹೊಡ್ಕೊಂಡು ಹೋಗುತ್ತೆ. ಇರಕ್ಕಾ." ಅದು ಕಲ್ಲಿನ ಕೆಳಗಿದ್ದ ಒಂದು ಹಿಡಿ ಮಣ್ಣು.

"ಆಯಿತು, ಇರ್ತೀನಿ," ಅಂದಿತು ಬೆಣಚುಕಲ್ಲು. ಆಮೇಲೆ ಗಂಟಲು ಹರಿಯುವ ಹಾಗೆ ಕೂಗಿತು. "ಹೊಲದ ಹರಳುಗಳೇ, ಹಾದಿಯ ಹರಳುಗಳೇ, ಹುಲ್ಲಿನ ಹರಳುಗಳೇ! ಈ ಒಂದು ಮಳೆಗೆ ಯಾರೂ ಏಳಬೇಡಿ!"

ಹರಳುಗಳು ಗೊಣಗಿದವು. ಆದರೆ ಎಲ್ಲಕ್ಕಿಂತ ಹಿರಿಯಳ ಮಾತು. ಕೂತವು.

ಮಳೆ ಬಂದ.

ಮಳೆರಾಯ ಒಬ್ಬನೇ. ಆದರೆ ಬಂದಾಗಲೆಲ್ಲ ಹೊಸ ಹೆಸರು ಹೇಳಿಕೊಂಡು ಬರುತ್ತಿದ್ದ. "ಈ ಸಲ ನಾನು ಮೃಗಶಿರಾ!" ಅಂತ ಕೇಕೆ ಹಾಕಿ ಬಿದ್ದ. ಆಗಿನ ಹನಿ ಈಗಿನ ಹನಿಯ ಹಾಗಲ್ಲ. ಒಂದೊಂದೂ ನೆಲ್ಲಿಕಾಯಿ ಗಾತ್ರ! ಧಪ್ ಅಂತ ಹನಿ ಬೀಳುತ್ತಿತ್ತು, ಛಿಲ್ ಅಂತ ಮಣ್ಣು ಹಾರುತ್ತಿತ್ತು. ಧಪ್, ಛಿಲ್. ಧಪ್, ಛಿಲ್. ಹಾರಿದ ಮಣ್ಣು ಕೆಂಚವ್ವನ ನೆಟ್ಟಗಿನ ಸಾಲಿಗೆ ಬಿದ್ದರೆ, ಜಾರುಬಂಡೆ ಸಿಕ್ಕ ಮಕ್ಕಳ ಹಾಗೆ ಸರ್ರನೆ ಹಳ್ಳಕ್ಕೆ ಜಾರುತ್ತಿತ್ತು.

ಬೆಣಚುಕಲ್ಲಿನ ಬೆನ್ನ ಮೇಲೆ ನೂರು ಹನಿ ಬಿದ್ದವು. ಅದು ಅಲ್ಲಾಡಲಿಲ್ಲ.

"ಅಕ್ಕಾ!" ಅಂದಿತು ಕೆಳಗಿನ ಮಣ್ಣು.

"ಇದ್ದೀನಿ," ಅಂದಿತು ಕಲ್ಲು.

ಮಧ್ಯಾಹ್ನ ಮಳೆ ನಿಂತಿತು. ಬಿಸಿಲು ಬಂತು. ಕೆಂಚವ್ವ ಬೀರನ ಕೈ ಹಿಡಿದು ಎಳೆದುಕೊಂಡೇ ಓಡಿ ಬಂದಳು. ಬಂದವರು ಹಾಗೇ ನಿಂತುಬಿಟ್ಟರು.

ಹೊಲದ ತುಂಬ ಪುಟ್ಟ ಪುಟ್ಟ ಕಂಬಗಳು! ಒಂದೊಂದು ಕಂಬದ ನೆತ್ತಿಯ ಮೇಲೂ ಒಂದೊಂದು ಹರಳು! ಸುತ್ತಲಿನ ಮಣ್ಣೆಲ್ಲ ಹೋಗಿತ್ತು. ಹರಳಿನ ಕೆಳಗಿನ ಮಣ್ಣು ಮಾತ್ರ, ಸೂರಿನ ಕೆಳಗೆ ನಿಂತವರ ಹಾಗೆ, ಇದ್ದಲ್ಲೇ ಇತ್ತು.

"ಅಕ್ಕಾ, ನೆಲಕ್ಕೆ ಅಣಬೆ ಎದ್ದಿದೆ!" ಅಂದ ಬೀರ.

"ಅಣಬೆ ಅಲ್ಲ ಕಣೋ, ಸಾಕ್ಷಿ!"

ಕೆಂಚವ್ವ ಮೊಣಕಾಲೂರಿ ಬೆಣಚುಕಲ್ಲಿನ ಪಕ್ಕ ಬೆರಳುಗಳನ್ನು ಅಡ್ಡ ಇಟ್ಟಳು. ಕಂಬ ಎರಡು ಬೆರಳು ಎತ್ತರ. ಎರಡು ಬೆರಳು ಅಂದರೆ ಬೆರಳಿನ ಉದ್ದವಲ್ಲ, ಎರಡು ಬೆರಳು ಸೇರಿಸಿದಷ್ಟು ಅಗಲ. ಇನ್ನೊಂದು ಹರಳು ನೋಡಿದಳು, ಎರಡು ಬೆರಳು. ಮತ್ತೊಂದು, ಎರಡು ಬೆರಳು. ಒಂದು ಮಳೆಗೆ, ಇಡೀ ಹೊಲದಿಂದ, ಎರಡು ಬೆರಳು!

ಆಮೇಲೆ ಒಂದು ಗುಳಿ ತೋಡಿದಳು. ಕೆಳಗೆ ಬಂಡೆ ಸಿಗುವವರೆಗೆ ತೋಡಿ, ಉಳಿದ ಮಣ್ಣನ್ನು ಅಳೆದಳು. ಆರೇ ಬೆರಳು. ಎಣಿಸಲು ಬೀರನ ಬೆರಳನ್ನೇ ಮಡಚಿದಳು. "ಆರಿದ್ರಾ ಮಳೆಗೆ ಎರಡು. ಪುನರ್ವಸುಗೆ ಎರಡು. ಪುಷ್ಯಕ್ಕೆ ಎರಡು. ಮುಗೀತು! ನವಣೆ ತೆನೆ ಹೊಡೆಯೋ ಮೊದಲೇ ಬರೀ ಬಂಡೆ!"

ಇನ್ನೂ ಬಾರದ ಮಳೆಯ ಕೆಲಸವನ್ನು ಲೋಕದಲ್ಲಿ ಯಾರೋ ಮುಂಚಿತವಾಗಿ ಹೇಳಿದ್ದು ಅದೇ ಮೊದಲು.

"ನನ್ನ ಕಡೆಯೂ ನೋಡೋಣ ಬಾ," ಅಂತ ಬೀರ ಮೇಲಕ್ಕೆ ಓಡಿದ. ಗರಿಕೆ ದಟ್ಟವಾಗಿದ್ದ ಕಡೆ ಹರಳಿನ ಕೆಳಗೆ ಕಂಬವೇ ಇಲ್ಲ. ಹರಳು ನೆಲಕ್ಕೆ ಅಂಟಿಕೊಂಡು ಕೂತಿತ್ತು. ಬೀರ ಕುಣಿದಾಡಿದ. ಆಮೇಲೆ ಇಬ್ಬರೂ ಕುರಿ ಇಳಿಯುವ ಹಾದಿಗೆ ಬಂದರು. ಬೀರನ ಕುಣಿತ ನಿಂತಿತು. ಅಲ್ಲಿಯ ಕಂಬ ನಾಲ್ಕು ಬೆರಳು! ಹಾದಿ ಕೊರಕಲಾಗಿ ಬಾಯಿ ತೆರೆದಿತ್ತು.

"ಮಳೆ ನಿಂತಿದೆ," ಗುಡ್ಡಜ್ಜನ ದನಿ ಬಂತು. "ಕಳ್ಳರು ಯಾರು?"

ಬೀರ ತಲೆ ತಗ್ಗಿಸಿದ. ಕೊರಕಲು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಹೊಲದಲ್ಲಿ ಎರಡು, ಹಾದಿಯಲ್ಲಿ ನಾಲ್ಕು. ಕೆಂಚವ್ವ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಹೊಲ ಅವಳಿಗೇ ಉಳಿಯುತ್ತಿತ್ತು.

ಆದರೆ ಅವಳು ಅಳೆದವಳು. ಅಳೆದವಳಿಗೆ ಗೊತ್ತಿತ್ತು. ರೊಟ್ಟಿಯನ್ನು ಒಂದು ಕಡೆ ಕಚ್ಚಿದರೆ ಎಲ್ಲರಿಗೂ ಕಾಣುತ್ತದೆ. ಇಡೀ ರೊಟ್ಟಿಯ ಮೇಲಿನ ಪದರವನ್ನೇ ಸುಲಿದುಕೊಂಡರೆ ಯಾರಿಗೂ ಕಾಣುವುದಿಲ್ಲ. ರೊಟ್ಟಿ ದುಂಡಗೇ ಇರುತ್ತದಲ್ಲ! ಕುರಿಯ ಹಾದಿ ಆಳ, ಆದರೆ ಅಗಲ ಎರಡು ಕುರಿಯಷ್ಟೇ. ಹೊಲ ಕಳೆದುಕೊಂಡದ್ದು ತೆಳ್ಳಗೆ, ಆದರೆ ಉದ್ದಗಲಕ್ಕೂ. ಹಾದಿಯಿಂದ ಒಂದು ಬುಟ್ಟಿ ಮಣ್ಣು ಹೋಗಿದ್ದರೆ ಹೊಲದಿಂದ ನೂರು ಬುಟ್ಟಿ.

"ಅಜ್ಜಾ," ಅಂದಳು. "ಹಾದಿಯಿಂದಲೂ ಹೋಗಿದೆ. ಆದರೆ ಹೆಚ್ಚು ಹೋಗಿದ್ದು ನನ್ನ ಹೊಲದಿಂದ. ನನ್ನ ನೆಟ್ಟಗಿನ ಸಾಲಿನಿಂದ."

"ಹಾಗಾದರೆ ಇಳಿ," ಅಂದ ಗುಡ್ಡಜ್ಜ.

"ಅಕ್ಕ ಇಳಿದರೆ ನಾನೂ ಇಳೀತೀನಿ!" ಬೀರ ಅಡ್ಡ ನಿಂತ. "ಆಮೇಲೆ ಗೊಣಗೋಕೂ ನಿನಗೆ ಯಾರೂ ಇರಲ್ಲ ನೋಡಜ್ಜ!"

ಆಗಲೇ ಕೆಂಚವ್ವನ ಕಣ್ಣು ಮುತ್ತುಗದ ಮರದ ಕಡೆ ಹೋಯಿತು. ಆ ಮೂಲೆಯನ್ನು ಅವಳು ಅಳೆದೇ ಇರಲಿಲ್ಲ. ನಾಚಿಕೆಯ ಮೂಲೆ ಅಲ್ಲವೇ! ಓಡಿದಳು, ಬಗ್ಗಿದಳು. ಸೊಟ್ಟ ಸಾಲುಗಳಲ್ಲಿ ನೀರು ಇನ್ನೂ ನಿಂತಿತ್ತು. ಅಲ್ಲಿಯ ಹರಳನ್ನು ನೋಡಿದಳು. ಕಂಬ ಎಲ್ಲಿ? ಕಣ್ಣು ಕಿರಿದು ಮಾಡಿ ಹುಡುಕಬೇಕಾಯಿತು. ಒಂದು ನವಣೆ ಕಾಳಿನಷ್ಟು!

"ಅಜ್ಜಾ! ನನಗೆ ಇನ್ನೊಂದೇ ಒಂದು ಮಳೆ ಕೊಡು!" ಅಂತ ಅಲ್ಲಿಂದಲೇ ಕಿರುಚಿದಳು. "ನಾನೀಗ ಹೇಳ್ತೀನಿ ಕೇಳಿಸ್ಕೊ. ಸಾಲು ನೆಟ್ಟಗಿದ್ದರೆ ಆರಿದ್ರಾ ಎರಡು ಬೆರಳು ಒಯ್ಯುತ್ತೆ. ನಾವು ಅಡ್ಡ ಉತ್ತರೆ ನವಣೆ ಕಾಳಿನಷ್ಟು ಒಯ್ಯುತ್ತೆ. ನನ್ನ ಮಾತು ಸುಳ್ಳಾದರೆ ನೀನು ಹೇಳೋದೇ ಬೇಡ, ನಾನೇ ಇಳಿದು ಹೋಗ್ತೀನಿ!"

ಗುಡ್ಡಜ್ಜ ಯೋಚಿಸಿದ. ಗುಡ್ಡಗಳು ಯೋಚಿಸುವುದು ನಿಧಾನ. ಕೊನೆಗೆ "ಹ್ಞೂಂ" ಅಂದ.

ಆರಿದ್ರಾ ಮಳೆಗೆ ಇನ್ನೂ ಹತ್ತು ದಿನ ಇತ್ತು. ಆಹಾ, ಆ ಹತ್ತು ದಿನ! ಕೆಂಚವ್ವ ತನ್ನ ಚೆಂದದ ಸಾಲುಗಳನ್ನೆಲ್ಲ ಅಳಿಸಿ ಅಡ್ಡ ಉತ್ತಳು. ಎಡಗಡೆಯ ಎತ್ತಿಗೆ ಖುಷಿಯೋ ಖುಷಿ, ಬಲಗಡೆಯದಕ್ಕೆ ಸಿಟ್ಟೋ ಸಿಟ್ಟು. ಗುಡ್ಡೆ ಹಾಕಿದ್ದ ಕಲ್ಲುಗಳನ್ನೆಲ್ಲ ಹೊತ್ತು ತಂದು ಹೊಲಕ್ಕೆ ಅಡ್ಡ ಸಾಲಾಗಿ ಜೋಡಿಸಿದಳು. ಬೀರ ಗರಿಕೆಯ ಬುಡ ಕಿತ್ತು ತಂದು ಕೊರಕಲಿನ ಉದ್ದಕ್ಕೂ ನೆಟ್ಟ. ಕುರಿಗಳನ್ನು ದಿನಕ್ಕೊಂದು ಹಾದಿಯಲ್ಲಿ, ಸುತ್ತಿ ಬಳಸಿ ಇಳಿಸಿದ. "ಎಲ್ಲಿ ಹೋಯಿತೋ ನಿನ್ನ ಶಿಸ್ತು?" ಅಂತ ಅಕ್ಕ ಛೇಡಿಸಿದಳು. "ನಿನ್ನ ಬೈತಲೆ ಹೋದ ಕಡೆಗೇ," ಅಂದ ತಮ್ಮ.

ಕೊನೆಗೆ ಕೆಂಚವ್ವ ಹರಳುಗಳನ್ನು ಒಂದೊಂದಾಗಿ ನೆಲಕ್ಕೆ ಒತ್ತಿ ಕೂರಿಸಿದಳು. ಬೆಣಚುಕಲ್ಲನ್ನು ಮಧ್ಯದಲ್ಲಿ ಕೂರಿಸಿದಳು.

"ಈ ಸಲ ನಾನು ಆರಿದ್ರಾ!" ಅಂತ ಮಳೆರಾಯ ಬಂದ. ಮೃಗಶಿರಾ ಒಂದು ಪಾಲು ಕುಣಿದಿದ್ದರೆ ಆರಿದ್ರಾ ಎರಡು ಪಾಲು ಕುಣಿದ. ಧಪ್, ಛಿಲ್! ಧಪ್, ಛಿಲ್! ಮಣ್ಣು ಹಾರಿತು. ಆದರೆ ಹಾರಿದ್ದು ಪಕ್ಕದ ಸಾಲಿಗೇ ಬಿತ್ತು. ನೀರು ಓಡಲು ನೋಡಿತು. ಒಂದು ಸಾಲು ಅಡ್ಡ ಬಂತು. ಅದನ್ನು ದಾಟಿದರೆ ಇನ್ನೊಂದು ಸಾಲು.

"ಜಾರೋಕೆ ಬಿಡ್ರೋ!" ಅಂತ ಮಳೆರಾಯ ಕೂಗಿದ. "ಇದೆಂಥಾ ಹೊಲ, ಹೆಜ್ಜೆ ಹೆಜ್ಜೆಗೂ ಹೊಸ್ತಿಲು!"

ಮೇಲಿನ ಮೂರನೇ ಸಾಲು ತುಂಬಿ ತುಳುಕಿತು. ಒಂದು ಕಡೆ ಕಿತ್ತೇ ಬಿಟ್ಟಿತು! ಕೆಂಚವ್ವ ಚೀರಿದಳು. ನೀರು ನುಗ್ಗಿತು, ಕಲ್ಲಿನ ಸಾಲಿಗೆ ಬಂದು ಢೀ ಕೊಟ್ಟಿತು. ಕಲ್ಲುಗಳು ಮೈಗೆ ಮೈ ಒತ್ತಿ ಕೂತಿದ್ದವು. ನೀರು ಅವುಗಳ ಸಂದಿಯಲ್ಲಿ ಸೋಸಿಕೊಂಡು, ಹೊತ್ತ ಮಣ್ಣನ್ನು ಅಲ್ಲೇ ಇಳಿಸಿ, ಬರಿಗೈಯಲ್ಲಿ ಆಚೆ ಹೋಯಿತು.

ಸಂಜೆಯ ಬಿಸಿಲಿಗೆ ಮಳೆ ನಿಂತಿತು. ಕೆಂಚವ್ವ ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಬೆಣಚುಕಲ್ಲಿನ ಬುಡಕ್ಕೆ ಕೆನ್ನೆ ಹಚ್ಚಿದಳು. ಬೀರನಿಗೆ ನೋಡುವ ಧೈರ್ಯವಿರಲಿಲ್ಲ. "ಎಷ್ಟಕ್ಕಾ? ಎಷ್ಟು?"

ಕೆಂಚವ್ವ ಮಡಿಲಿನಿಂದ ಒಂದು ನವಣೆ ಕಾಳು ತೆಗೆದು ಕಂಬದ ಪಕ್ಕ ಇಟ್ಟಳು.

ಸರಿಸಮ!

ಅಕ್ಕ ತಮ್ಮ ಕೂಗಿದ ಕೂಗಿಗೆ ಕುರಿಗಳೆಲ್ಲ ಚೆಲ್ಲಾಪಿಲ್ಲಿ. ಗುಡ್ಡಜ್ಜ ಕಂಬಳಿಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡ. "ಯಾರೂ ಇಳಿಯೋದು ಬೇಡ," ಅಂದ. "ಲೇ ಹರಳುಗಳೇ, ಇನ್ನು ಮುಂದೆ ಮಳೆ ಬಂದಾಗ ನೀವು ಕೂತಲ್ಲೇ ಕೂತಿರಿ. ನಿಮ್ಮ ಕೆಳಗಿನ ಮಣ್ಣು ಕಾಯಿರಿ. ಎಷ್ಟು ಹೋಯಿತು ಅಂತ ಬಗ್ಗಿ ಕೇಳಿದವರಿಗೆ ಹೇಳಿರಿ."

ಅದಕ್ಕೇ ಮಕ್ಕಳೇ, ಇವತ್ತಿಗೂ ಜೋರು ಮಳೆ ನಿಂತ ಮೇಲೆ ಬರಿ ನೆಲದ ಮೇಲೆ ಬಗ್ಗಿ ನೋಡಿದರೆ, ಪುಟ್ಟ ಹರಳುಗಳು ಮಣ್ಣಿನ ಕಂಬದ ಮೇಲೆ ಕೊಡೆ ಬಿಚ್ಚಿದ ಹಾಗೆ ನಿಂತಿರುತ್ತವೆ. ನೀವೂ ಅಳೆಯಬಹುದು. ಅಳೆಯುವುದು ಹೇಗೆಂದರೆ, ಮೊದಲು ಬೆರಳನ್ನು ಹರಳಿನ ಪಕ್ಕ ಮೆಲ್ಲಗೆ ಇಡಬೇಕು. ಒತ್ತಬಾರದು, ಒತ್ತಿದರೆ ಬೆರಳು ಹಸಿ ಮಣ್ಣಿನಲ್ಲಿ ಇಳಿದು ಲೆಕ್ಕ ತಪ್ಪುತ್ತದೆ. ಆಮೇಲೆ ಒಂದೇ ಹರಳು ನೋಡಿ ಎದ್ದುಬಿಡಬಾರದು, ಹತ್ತು ಕಡೆ ನೋಡಬೇಕು. ಹತ್ತು ಕಡೆ ಯಾಕೆಂದರೆ, ಒಂದು ಕಡೆ ಹುಲ್ಲಿರುತ್ತದೆ, ಒಂದು ಕಡೆ ಇಳಿಜಾರು ಹೆಚ್ಚಿರುತ್ತದೆ, ಇನ್ನು ಗದ್ದೆಯ ಅಂಚಿನಲ್ಲಿ ಆದರೆ—

ಇರಿ, ನಮ್ಮ ಹೊಲದಿಂದ ಯಾರೋ ಕೂಗುತ್ತಿದ್ದಾರೆ. "ಕೆಳಗಿನ ಬದು ಕಿತ್ಕೊಂಡು ಹೋಗ್ತಿದೆ, ಸಲಿಕೆ ತಗೊಂಡು ಓಡಿ ಬಾರೋ!"

ಬಂದೆ! ಬಂದೆ!